ಸ್ಪೀಡ್ ಲಿಮಿಟ್ ದಾಟಿದರೆ ಕೂಗುವ ಜಿಪಿಎಸ್: ಯಾವುದು ತಗೊಳ್ಳೋದು?

ಸಕ್ಕರೆನಾಡು 275

ಎಲ್ಲರಿಗೂ ನಮಸ್ಕಾರ. ನಮ್ಮದು 2016ರ ಪೆಟ್ರೋಲ್ ಕಾರು. ಕಂಡೀಷನ್ ಚೆನ್ನಾಗಿದೆ, ಸದ್ಯಕ್ಕೆ ಮಾರುವ ಯೋಚನೆ ಇಲ್ಲ. ಮಂಡ್ಯ–ಬೆಂಗಳೂರು ಓಡಾಟ ಜಾಸ್ತಿ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಹೊಸ ತಲೆನೋವು ಏನಪ್ಪಾ ಅಂದರೆ, ಮಿತಿ 100, ರಸ್ತೆ ಎಷ್ಟು ಸಪಾಟಾಗಿದೆ ಅಂದರೆ 110 ದಾಟಿದ್ದು ಕಾಲಿಗೂ ಗೊತ್ತಾಗುವುದಿಲ್ಲ, ಕಿವಿಗೂ ಗೊತ್ತಾಗುವುದಿಲ್ಲ. ಕ್ಯಾಮೆರಾಗೆ ಮಾತ್ರ ಗೊತ್ತಾಗುತ್ತದೆ. ಹೊಸ ಕಾರುಗಳಲ್ಲಿರುವ ಬೀಪ್ ನಮ್ಮದರಲ್ಲಿಲ್ಲ.

ಬೇಕಿರುವುದು ಇಷ್ಟೇ. ಆ ರಸ್ತೆಯ ಮಿತಿ ಎಷ್ಟು ಅಂತ ತೋರಿಸಬೇಕು, ದಾಟಿದರೆ ಕೂಗಬೇಕು. ಅಪ್ಪನೂ ಓಡಿಸುತ್ತಾರೆ. ಅವರಿಗೆ ಫೋನು ಸಿಕ್ಕಿಸು, ಆ್ಯಪ್ ತೆಗಿ ಅಂತೆಲ್ಲ ಹೇಳಿದರೆ ಆಗುವುದಿಲ್ಲ, ಕೀ ತಿರುಗಿಸಿದರೆ ತಾನೇ ಶುರುವಾಗಬೇಕು. ಬಜೆಟ್ 15 ಸಾವಿರದೊಳಗೆ. ಆನ್‌ಲೈನ್‌ನಲ್ಲಿ ಹುಡುಕಿದರೆ ಎರಡು ಸಾವಿರದಿಂದ ಹಿಡಿದು ಮೂವತ್ತು ಸಾವಿರದವರೆಗೂ ಇದೆ, ಎಲ್ಲದರ ಮೇಲೂ "ಓವರ್‌ಸ್ಪೀಡ್ ಅಲರ್ಟ್" ಅಂತ ಬರೆದಿದ್ದಾರೆ. ಯಾವುದು ಅಸಲಿ?

ಹಳದಿ ಬೋರ್ಡ್

ಸರ್, ಮೊದಲು ಆ ಎರಡು ಸಾವಿರದ್ದನ್ನು ಪಟ್ಟಿಯಿಂದ ತೆಗೆಯಿರಿ. ಅದು ಟ್ರ್ಯಾಕರ್. ಒಳಗೆ ಸಿಮ್ ಹಾಕಬೇಕು, ಗಾಡಿ ಎಲ್ಲಿದೆ ಅಂತ ಓನರ್‌ಗೆ ತಿಳಿಸುವುದು ಅದರ ಕೆಲಸ. ಅದರಲ್ಲಿ ಓವರ್‌ಸ್ಪೀಡ್ ಅಂದರೆ ನೀವೇ ಹಾಕಿಟ್ಟ ಒಂದು ನಂಬರು. 90 ಅಂತ ಹಾಕಿದ್ದರೆ, ಅಪ್ಪ 91 ಹೋದಾಗ ನಿಮ್ಮ ಮೊಬೈಲಿಗೆ ಮೆಸೇಜ್ ಬರುತ್ತದೆ. ಗಾಡಿಯೊಳಗೆ ಪಿಳ್ಳೆ ಸದ್ದೂ ಇರುವುದಿಲ್ಲ. ಊರೊಳಗೆ 40ರ ರಸ್ತೆಯಲ್ಲಿ 80 ಹೋದರೂ ಅದಕ್ಕೆ ಎಲ್ಲ ಸರಿಯಾಗೇ ಇರುತ್ತದೆ.

ನಮ್ಮ ಟ್ಯಾಕ್ಸಿಗಳಿಗೆ ಎಐಎಸ್ 140 ಅಂತ ಒಂದು ಡಬ್ಬಿ ಕಡ್ಡಾಯ ಮಾಡಿದ್ದಾರೆ, ಪ್ಯಾನಿಕ್ ಬಟನ್ ಜೊತೆ. ಅದೂ ಇದೇ ಜಾತಿ. ಡ್ರೈವರ್‌ಗೆ ಏನೂ ಹೇಳುವುದಿಲ್ಲ. ಸ್ಪೀಡ್ ಗವರ್ನರ್ ಬೇರೆ, ಅದು 80ರ ಮೇಲೆ ಗಾಡಿ ಎಳೆಯದ ಹಾಗೆ ಮಾಡುತ್ತದೆ. ಇದನ್ನೆಲ್ಲ ಅಂಗಡಿಯವರು ಒಟ್ಟಿಗೆ ಜಿಪಿಎಸ್ ಅಂತಲೇ ಕರೆಯುತ್ತಾರೆ, ಅದಕ್ಕೇ ಈ ಗೊಂದಲ.

ಇನ್ನೊಂದು ಬರುತ್ತದೆ, ಗ್ಲಾಸ್ ಮೇಲೆ ಹಸಿರು ಅಂಕಿ ಬೀಳಿಸುವುದು, ಹಡ್ ಅಂತಾರೆ. ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ, ಅಂದರೆ ಮೆಕ್ಯಾನಿಕ್ ಕಾರು ಪರೀಕ್ಷೆ ಮಾಡಲು ಬಳಸುವ ಸಾಕೆಟ್‌ಗೆ, ಚುಚ್ಚುವುದು. ನೋಡೋಕೆ ಭಾರಿ ಚೆನ್ನ. ಆದರೆ ಅದಕ್ಕೂ ರಸ್ತೆ ಗೊತ್ತಿಲ್ಲ, ನೀವು ಹಾಕಿದ ನಂಬರಿಗೆ ಮಾತ್ರ ಬೀಪ್. ಎಕ್ಸ್‌ಪ್ರೆಸ್‌ವೇ ಒಂದಕ್ಕೇ ಸಾಕು ಅಂದರೆ 100 ಅಂತ ಇಟ್ಟುಕೊಂಡು ಅದನ್ನೇ ತಗೊಳ್ಳಬಹುದು, ದುಡ್ಡು ಉಳಿಯುತ್ತದೆ.

ಆಲ್ಟೊ ಅಕ್ಕ

ಇದಕ್ಕೆಲ್ಲ ಯಾಕೆ ದುಡ್ಡು ಹಾಕಬೇಕು? ಫೋನು ಇದೆಯಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ಮಿತಿ ತೋರಿಸುವುದು 2022ರ ಜುಲೈನಲ್ಲಿ ಶುರುವಾಯಿತು, ಟ್ರಾಫಿಕ್ ಪೊಲೀಸರೇ ಕೊಟ್ಟ ಲೆಕ್ಕದಿಂದ, ಮೊದಲು ಬೆಂಗಳೂರು ಮತ್ತು ಚಂಡೀಗಢದಲ್ಲಿ. ದಾರಿ ಹೇಳುವ ದನಿ ಕನ್ನಡದಲ್ಲೂ ಸಿಗುತ್ತದೆ. ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್ ಹಾಕಿಕೊಂಡರೆ ಮಿತಿ, ಹಂಪ್, ಕ್ಯಾಮೆರಾ, ಗುಂಡಿ ಎಲ್ಲ ಹೇಳುತ್ತದೆ. ಆ ಕಂಪನಿ 1995ರಿಂದ ಭಾರತದ ನಕ್ಷೆಯನ್ನೇ ಮಾಡುತ್ತಾ ಬಂದಿದೆ. ಒಂದು ಗಟ್ಟಿಮುಟ್ಟಾದ ಹೋಲ್ಡರ್ ತಗೊಳ್ಳಿ, ಕೆಲಸ ಮುಗಿಯಿತು.

ಸಕ್ಕರೆನಾಡು 275

ಅಕ್ಕ, ನಾನು ಒಬ್ಬನೇ ಆಗಿದ್ದರೆ ಅದೇ ಮಾಡುತ್ತಿದ್ದೆ. ಅಪ್ಪನ ಫೋನಿಗೆ ಕರೆ ಬಂದರೆ ಮ್ಯಾಪ್ ಹಿಂದೆ ಹೋಗುತ್ತದೆ, ಅವರು ಅದನ್ನು ಮುಂದಕ್ಕೆ ತರೋಕೆ ರಸ್ತೆ ಬಿಟ್ಟು ಪರದೆ ನೋಡುತ್ತಾರೆ. ಮಧ್ಯಾಹ್ನ ಗ್ಲಾಸಿಗೆ ಅಂಟಿಸಿದ ಫೋನು ಕಾದು ಬೆಳಕು ತಾನೇ ಕಡಿಮೆಯಾಗುತ್ತದೆ, ಏನೂ ಕಾಣುವುದಿಲ್ಲ. ಅದಕ್ಕೇ ಪ್ರತ್ಯೇಕ ಸಾಧನ ಕೇಳಿದ್ದು.

ನಕ್ಷೆ ಹುಚ್ಚ

ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ಡಬ್ಬಿ ಯಾವುದು ಅಂತ ಕೇಳುತ್ತಿದ್ದೀರಿ. ಕೇಳಬೇಕಾದ್ದು ಅದರೊಳಗಿನ ನಕ್ಷೆ ಯಾರದು, ಯಾವ ವರ್ಷದ್ದು ಅಂತ. ಉಪಗ್ರಹ ನಿಮಗೆ ಮಿತಿ ಹೇಳುವುದಿಲ್ಲ. ಉಪಗ್ರಹದ ಸಿಗ್ನಲ್‌ನಿಂದ ಸಿಗುವುದು ನೀವು ಎಲ್ಲಿದ್ದೀರಿ, ಎಷ್ಟು ಜೋರಾಗಿ ಹೋಗುತ್ತಿದ್ದೀರಿ, ಎರಡೇ. "ಇಲ್ಲಿ 100" ಅನ್ನುವುದನ್ನು ಯಾರೋ ಒಬ್ಬರು ಆ ರಸ್ತೆಯ ತುಂಡಿನ ಮೇಲೆ ಬರೆದಿಟ್ಟಿರಬೇಕು. ಬರೆಯದಿದ್ದರೆ ಜಾಗ ಖಾಲಿ. ಖಾಲಿ ಇದ್ದಲ್ಲಿ ಕೆಲವು ಸಾಧನಗಳು ಸುಮ್ಮನಿರುತ್ತವೆ, ಅದು ಮರ್ಯಾದೆ. ಇನ್ನು ಕೆಲವು ರಸ್ತೆಯ ದರ್ಜೆ ನೋಡಿ ತಾವೇ ಒಂದು ಅಂಕಿ ಊಹಿಸಿ ಹಾಕುತ್ತವೆ. ಅದು ಅಪಾಯ, ಯಾಕೆಂದರೆ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ನಿಮ್ಮ ರಸ್ತೆಯನ್ನೇ ತಗೊಳ್ಳಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12ಕ್ಕೆ. ಅದಕ್ಕಿಂತ ಹಳೆಯ ನಕ್ಷೆ ಇರುವ ಸಾಧನ ಹಾಕಿಕೊಂಡು ಮಂಡ್ಯ ಬೈಪಾಸ್ ಹತ್ತಿದರೆ ಬಾಣದ ಗುರುತು ರಸ್ತೆ ಬಿಟ್ಟು ಹಸಿರು ಬಯಲಿನ ಮೇಲೆ ತೇಲುತ್ತಾ ಹೋಗುತ್ತದೆ. ಮಿತಿಯ ಚೌಕ ಖಾಲಿ. ಎಂಜಿನ್ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ಸ್ಪೀಕರ್ ಜೋರಾಗಿದೆ, ಆದರೆ ಆ ಜಾಗದಲ್ಲಿ ರಸ್ತೆಯೇ ಇಲ್ಲ ಅಂತ ಅದು ನಂಬಿದೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಾ ಬೈಪಾಸಿಗೂ ಇದೇ ಕಥೆ.

ಎರಡನೇ ತೊಂದರೆ ಇನ್ನೂ ಮಜವಾಗಿದೆ. ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲೇ ಸರ್ವಿಸ್ ರಸ್ತೆ ಇದೆ, ಮಧ್ಯೆ ಒಂದು ಬೇಲಿ. ಸಾಮಾನ್ಯ ಜಿಪಿಎಸ್ ಕೆಲವು ಮೀಟರ್ ಆಚೀಚೆ ತಪ್ಪುವುದು ಸಹಜ. ಆಗ ಸಾಧನ "ಇವನು ಸರ್ವಿಸ್ ರಸ್ತೆಯಲ್ಲಿದ್ದಾನೆ" ಅಂದುಕೊಂಡರೆ ಅಲ್ಲಿನ ಕಡಿಮೆ ಮಿತಿ ಹಿಡಿದುಕೊಂಡು ಬೊಬ್ಬೆ ಹಾಕುತ್ತದೆ. ನೀವು 95ರಲ್ಲಿ ಸರಿಯಾಗೇ ಹೋಗುತ್ತಿರುತ್ತೀರಿ. ಅದರ ತಿರುಗಾಮುರುಗಾ ಇನ್ನೂ ಕೆಟ್ಟದ್ದು, ಸರ್ವಿಸ್ ರಸ್ತೆಯಲ್ಲಿ ಜನ, ದನ, ಟ್ರ್ಯಾಕ್ಟರ್ ಮಧ್ಯೆ ಇರುವಾಗ ಪರದೆ ಮೇಲೆ 100 ಅಂತ ಕೂತಿರುತ್ತದೆ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಕೆಳಗಿಳಿಸಿದ ಮೇಲೆ ಅವೆಲ್ಲ ಅಲ್ಲೇ ಇವೆ, ಅಲ್ವಾ.

ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಇನ್ನೊಂದು ಉದಾಹರಣೆ. 2010ರಲ್ಲಿ ತೆರೆದದ್ದು, ಹತ್ತಿರ ಹತ್ತಿರ 10 ಕಿಲೋಮೀಟರ್, ಪೂರ್ತಿ ಹೊಸೂರು ರಸ್ತೆಯ ನೆತ್ತಿಯ ಮೇಲೆ. ನಕ್ಷೆಯಲ್ಲಿ ಮೇಲಿನದೂ ಕೆಳಗಿನದೂ ಒಂದರ ಮೇಲೊಂದು ಕೂತ ಗೆರೆ. ಜಿಪಿಎಸ್‌ನಲ್ಲಿ ಎತ್ತರದ ಲೆಕ್ಕ ಅಡ್ಡ ಲೆಕ್ಕಕ್ಕಿಂತ ಹೆಚ್ಚು ತಪ್ಪುತ್ತದೆ. ಹಾಗಾಗಿ ಸಾಧನ ನೀವು ಯಾವ ರ‍್ಯಾಂಪ್ ಹತ್ತಿದಿರಿ ಅನ್ನುವುದನ್ನು ನೆನಪಿಟ್ಟುಕೊಂಡು ನಿರ್ಧಾರ ಮಾಡುತ್ತದೆ. ಹತ್ತಿದ ಮೇಲೆ ಆನ್ ಮಾಡಿದರೆ ಅದಕ್ಕೆ ಗೊತ್ತಾಗುವ ಬಗೆ ಇಲ್ಲ.

ಅದಕ್ಕೇ ನನ್ನ ಮಾತು: ನಕ್ಷೆ ಬದಲಾಯಿಸಲು ಬರುವ ಸಾಧನ ತಗೊಳ್ಳಿ. ಒಂದು ನಕ್ಷೆ ನಿಮ್ಮ ದಾರಿಯಲ್ಲಿ ಸರಿ ಇಲ್ಲ ಅಂದರೆ ಇನ್ನೊಂದಕ್ಕೆ ಹೋಗಲು ದಾರಿ ಇರಬೇಕು. ಡಬ್ಬಿಯೊಳಗೆ ಒಂದೇ ಕಂಪನಿಯ ನಕ್ಷೆ ಬೀಗ ಹಾಕಿಕೊಂಡಿದ್ದರೆ ನೀವೂ ಅದರ ಜೊತೆ ಬಂದಿ.

ಸುಮ್ನೆ ಕೇಳ್ದೆ

ಇಷ್ಟೆಲ್ಲಾ ಯಾಕೆ ಸ್ವಾಮಿ? ರಸ್ತೆ ಪಕ್ಕ ಬೋರ್ಡ್ ಇದೆ, ಎದುರಿಗೆ ಮೀಟರ್ ಇದೆ, ಕಣ್ಣು ಬಿಟ್ಟು ಓಡಿಸಿ. ನಮ್ಮ ಕಾಲದಲ್ಲಿ ಯಾವ ಬೀಪೂ ಇರಲಿಲ್ಲ.

ಹಳದಿ ಬೋರ್ಡ್

ನಿಮ್ಮ ಕಾಲದಲ್ಲಿ ಆ ರಸ್ತೆಯೂ ಇರಲಿಲ್ಲ ಸ್ವಾಮಿ. ಹಳೇ ಮೈಸೂರು ರೋಡಲ್ಲಿ ಹತ್ತು ನಿಮಿಷಕ್ಕೊಂದು ಊರು, ಊರಿಗೆ ಮೂರು ಹಂಪು, ಮದ್ದೂರಲ್ಲಿ ವಡೆ. 80 ದಾಟೋಕೆ ಎಲ್ಲಿ ಬಿಡುತ್ತಿತ್ತು? ಈಗ ಕಣಿಮಿಣಿಕೆ ಟೋಲ್ ದಾಟಿದರೆ ಗಣಂಗೂರು ಟೋಲ್‌ವರೆಗೆ ಕಾಲು ಆಡಿಸೋ ಕೆಲಸವೇ ಇಲ್ಲ. ದಿನವಿಡೀ ಓಡಿಸುವ ನಮಗೇ ಮೀಟರ್ ಕಡೆ ನೋಡೋದು ಮರೆಯುತ್ತದೆ.

ದಂಡದ ಮಾತಿಗೆ ಬಂದರೆ ಕಾರಿಗೆ ಸಾವಿರ ರೂಪಾಯಿ. ಅದನ್ನು ಕಟ್ಟಿ ಮುಗಿಸಬಹುದು ಅಂದುಕೊಳ್ಳುವವರಿಗೆ ಇನ್ನೊಂದು ಇದೆ. 2024ರ ಆಗಸ್ಟ್ 1ರಿಂದ ನಮ್ಮ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್ ಅಂತ ಪೊಲೀಸರು ಹೇಳಿದ್ದಾರೆ. ಆಮೇಲೆ ಅರ್ಧ ದಂಡದ ರಿಯಾಯಿತಿ ಬರುತ್ತದೆ ಅಂತ ಕಾಯೋಕೆ ಆಗುವುದಿಲ್ಲ.

ಜರ್ಮನಿಯಿಂದ

ನಾನು ಮ್ಯೂನಿಕ್‌ನಲ್ಲಿದ್ದೇನೆ, ಊರು ಮದ್ದೂರು. ಒಂದು ಎಚ್ಚರಿಕೆ ಹೇಳಲೇಬೇಕು. ಇಲ್ಲಿಂದ ಗಾರ್ಮಿನ್, ಟಾಮ್‌ಟಾಮ್ ಕಂಪನಿಯ ಜಿಪಿಎಸ್ ಸಾಧನ ತಂದುಕೊಡಿ ಅಂತ ಊರಿನವರು ಕೇಳುತ್ತಾರೆ. ಸಾಧನ ಒಳ್ಳೆಯದೇ, ಪರದೆ ಬಿಸಿಲಲ್ಲೂ ಕಾಣುತ್ತದೆ, ಕೀ ತಿರುಗಿಸಿದರೆ ಆನ್ ಆಗುತ್ತದೆ, ಶಾಲೆ, ತಿರುವು ಎಲ್ಲಕ್ಕೂ ಎಚ್ಚರಿಸುತ್ತದೆ. ಆದರೆ ಇಲ್ಲಿ ಮಾರುವುದರಲ್ಲಿ ಯುರೋಪಿನ ನಕ್ಷೆ ಇರುತ್ತದೆ. "ಜೀವನಪೂರ್ತಿ ನಕ್ಷೆ ಉಚಿತ" ಅಂದರೆ ಆ ನಕ್ಷೆಗೆ ಮಾತ್ರ. ಭಾರತದ್ದನ್ನು ಬೇರೆ ದುಡ್ಡು ಕೊಟ್ಟು ಹಾಕಿಸಬೇಕು. ಹಾಕಿಸಿದ ಮೇಲೂ ಅದರಲ್ಲಿ ನಿಮ್ಮ ಬೈಪಾಸಿನ ಮಿತಿ ಬರೆದಿದೆಯೋ ಇಲ್ಲವೋ ನೋಡಿಯೇ ತಗೊಳ್ಳಬೇಕು. ಕಸಿನ್ ಬರುತ್ತಿದ್ದಾನೆ, ಸೂಟ್‌ಕೇಸಲ್ಲಿ ಜಾಗ ಇದೆ ಅಂತ ತರಿಸಬೇಡಿ.

ಇಲ್ಲಿನ ಕಥೆ ಕೇಳಿದರೆ ನಗು ಬರುತ್ತದೆ. ಯುರೋಪಿನಲ್ಲಿ 2024ರ ಜುಲೈನಿಂದ ಮಾರಾಟವಾಗುವ ಎಲ್ಲಾ ಹೊಸ ಕಾರಿನಲ್ಲೂ ಮಿತಿ ದಾಟಿದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಬೇಡ ಅಂತ ಆಫ್ ಮಾಡಿದರೂ ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಮತ್ತೆ ಆನ್. ಇನ್ನೊಂದು ಕಡೆ, ಮುಂದೆ ಕ್ಯಾಮೆರಾ ಇದೆ ಅಂತ ಎಚ್ಚರಿಸುವ ಆ್ಯಪ್ ಜರ್ಮನಿಯಲ್ಲಿ ಓಡಿಸುವಾಗ ಬಳಸಿದರೆ 75 ಯೂರೊ ದಂಡ, ಲೈಸೆನ್ಸ್ ಲೆಕ್ಕಕ್ಕೆ ಒಂದು ಪಾಯಿಂಟ್. ಮಿತಿ ಎಷ್ಟು ಅಂತ ಹೇಳಬಹುದು, ಯಾರು ಕಾಯುತ್ತಿದ್ದಾರೆ ಅಂತ ಹೇಳುವ ಹಾಗಿಲ್ಲ. ಫ್ರಾನ್ಸ್‌ನವರು 2012ರಿಂದ ಕ್ಯಾಮೆರಾ ಅನ್ನುವ ಬದಲು "ಅಪಾಯದ ವಲಯ" ಅಂತ ತೋರಿಸಿ ಪಾರಾಗಿದ್ದಾರೆ. ಯಾರಾದರೂ ಇಲ್ಲಿಗೆ ಬಂದು ಬಾಡಿಗೆ ಕಾರು ಓಡಿಸುವವರಿದ್ದರೆ ಗಮನದಲ್ಲಿರಲಿ.

ನಕ್ಷೆ ಹುಚ್ಚ

ನಮ್ಮಲ್ಲಿ ಈ ವಿಷಯ ಉಲ್ಟಾ. 2021ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ನಿಯಮ 167ಎ ಪ್ರಕಾರ ಕ್ಯಾಮೆರಾ ಇಟ್ಟಿರುವ ರಸ್ತೆಯಲ್ಲಿ ಮೊದಲೇ ಕಾಣುವ ಹಾಗೆ ಎಚ್ಚರಿಕೆಯ ಬೋರ್ಡ್ ಹಾಕಬೇಕು, ನೋಟಿಸ್ 15 ದಿನದೊಳಗೆ ಕಳಿಸಬೇಕು. ಹಾಗಾಗಿ ಕ್ಯಾಮೆರಾ ಎಲ್ಲಿದೆ ಅನ್ನುವುದಕ್ಕೆ ಜಾಸ್ತಿ ದುಡ್ಡು ಕೇಳುವ ಸಾಧನ ಬೇಡವೇ ಬೇಡ. ಕ್ಯಾಮೆರಾ ಹತ್ತಿರ ಬ್ರೇಕ್ ಒತ್ತಿ ಆಮೇಲೆ ಮತ್ತೆ ಹಾರುವವರಿಂದ ಹಿಂದಿನವರಿಗೂ ಪ್ರಾಣಸಂಕಟ.

ಗುಂಡ್ಯ ತಿರುವು

ನಾನು ಹಾಸನ–ಮಂಗಳೂರು ಓಡಾಡುವವನು. ಎರಡು ಮಾತು.

ಒಂದು, ಹೊಸ ಕಾರಿನ ಬೀಪ್ ಬಗ್ಗೆ ಹೊಟ್ಟೆ ಉರಿದುಕೊಳ್ಳಬೇಡಿ. 2019ರ ಜುಲೈ 1ರ ನಂತರ ತಯಾರಾದ ಕಾರುಗಳಿಗೆ ಕಡ್ಡಾಯ ಮಾಡಿದ್ದು ಎರಡೇ ಅಂಕಿ. 80 ದಾಟಿದರೆ ಬಿಟ್ಟು ಬಿಟ್ಟು ಬೀಪ್, 120 ದಾಟಿದರೆ ನಿಲ್ಲದ ಬೀಪ್. ಈಗ ನಿಮ್ಮ 100ರ ರಸ್ತೆಯಲ್ಲಿ ಅದು ಏನು ಮಾಡುತ್ತದೆ ಯೋಚಿಸಿ. 85ರಲ್ಲೂ ಕೂಗುತ್ತದೆ, 115ರಲ್ಲೂ ಅದೇ ದನಿಯಲ್ಲಿ ಕೂಗುತ್ತದೆ. ಬೇಕಾದ ಗೆರೆ 100, ಅಲ್ಲಿ ಏನೂ ವ್ಯತ್ಯಾಸ ಇಲ್ಲ. ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ಗಡಿಯಾರದ ಟಿಕ್‌ಟಿಕ್ ಥರ ಕೇಳಿಸಿಕೊಳ್ಳುವುದನ್ನೇ ಬಿಡುತ್ತದೆ. ಸಾಧನ ಯಾವುದೇ ತಗೊಳ್ಳಿ, ಎಷ್ಟು ದಾಟಿದರೆ ಕೂಗಬೇಕು, ಎಷ್ಟು ಸಲ ಕೂಗಬೇಕು ಅನ್ನುವ ಸೆಟಿಂಗ್ ಇದೆಯಾ ನೋಡಿ. ಒಂದು ಸಲ ಚೆನ್ನಾಗಿ ಕೂಗಿ ಸುಮ್ಮನಾಗುವುದೇ ಉಪಯೋಗಕ್ಕೆ ಬರುವುದು.

ಕೆಲವು ಹೊಸ ಗಾಡಿಗಳಲ್ಲಿ, ಎಕ್ಸ್‌ಯುವಿ 700 ಥರದ್ದರಲ್ಲಿ, ಮುಂದಿನ ಕ್ಯಾಮೆರಾ ಬೋರ್ಡ್ ಓದಿ ಮಿತಿ ತೋರಿಸುತ್ತದೆ. ಉಪಾಯ ಒಳ್ಳೆಯದೇ, ನಕ್ಷೆ ಹಳತಾದರೂ ತೊಂದರೆ ಇಲ್ಲ. ಆದರೆ ಈ ಜಾತಿಯ ಕ್ಯಾಮೆರಾಗೆ ರಸ್ತೆ ಬದಿಯ ದುಂಡು ಬೋರ್ಡೂ ಒಂದೇ, ಮುಂದೆ ಹೋಗುವ ಲಾರಿಯ ಹಿಂದೆ ಅಂಟಿಸಿದ ದುಂಡು ಸ್ಟಿಕ್ಕರೂ ಒಂದೇ ಆಗಿಬಿಡಬಹುದು. ಇನ್ನು ಬೋರ್ಡಿಗೆ ಮರ ಅಡ್ಡ ಬಂದಿದ್ದರೆ, ಯಾವುದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರೆ ಅಲ್ಲಿಗೆ ಮುಗಿಯಿತು.

ಎರಡು, ಘಾಟಿ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಗುಂಡ್ಯದವರೆಗೆ ಎಷ್ಟೋ ಕಡೆ ನೆಟ್‌ವರ್ಕ್ ಇರುವುದಿಲ್ಲ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ನಕ್ಷೆಗೆ ಬೇಕು. ಮೊದಲೇ ಇಳಿಸಿಟ್ಟುಕೊಂಡ ನಕ್ಷೆ ಇದ್ದರೆ ಅಡ್ಡಿಯಿಲ್ಲ. ಇಲ್ಲದಿದ್ದರೆ ಬಾಣ ಇರುತ್ತದೆ, ಸುತ್ತ ಬರೀ ಬೂದು ಬಣ್ಣ. ಹಿಯರ್ ವೀಗೊ, ಓಸ್‌ಮ್ಯಾಂಡ್ ಅನ್ನುವ ಮ್ಯಾಪ್ ಆ್ಯಪ್ ಎರಡರಲ್ಲೂ ಇಡೀ ರಾಜ್ಯವನ್ನೇ ಫೋನಿಗೆ ಇಳಿಸಿಟ್ಟುಕೊಳ್ಳಬಹುದು. ಘಾಟಿಯಲ್ಲಿ ಮಿತಿಯ ಅಂಕಿಗಿಂತ ಮುಂದೆ ಕಡಿದಾದ ತಿರುವು ಇದೆ ಅಂತ ಹೇಳುವುದೇ ಜಾಸ್ತಿ ಉಪಯೋಗ. ಮಳೆಗಾಲದ ರಾತ್ರಿ ಅದರ ಬೆಲೆ ಗೊತ್ತಾಗುವುದು.

ಆಲ್ಟೊ ಅಕ್ಕ

ಒಂದು ವಿಷಯ ಯಾರೂ ಹೇಳಲಿಲ್ಲ. ಮೀಟರ್‌ನಲ್ಲಿ 100 ಇದ್ದಾಗ ಫೋನಿನಲ್ಲಿ 95, 96 ತೋರಿಸುತ್ತದೆ. ಯಾವುದು ಸರಿ?

ನಕ್ಷೆ ಹುಚ್ಚ

ನೇರ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಹೋಗುವಾಗ ಜಿಪಿಎಸ್ ಹೇಳಿದ್ದೇ ನಿಜಕ್ಕೆ ಹತ್ತಿರ. ಕಾರಿನ ಮೀಟರ್ ಎಂದೂ ಕಡಿಮೆ ತೋರಿಸಬಾರದು ಅನ್ನುವ ಕಾರಣಕ್ಕೆ ಕಂಪನಿಗಳು ಬೇಕಂತಲೇ ಸ್ವಲ್ಪ ಜಾಸ್ತಿ ತೋರಿಸುವ ಹಾಗೆ ಮಾಡಿರುತ್ತವೆ. ಟೈರ್ ಸವೆದಿದ್ದರೆ ಈ ವ್ಯತ್ಯಾಸ ಇನ್ನೂ ಸ್ವಲ್ಪ ಹೆಚ್ಚು. ದೊಡ್ಡ ಟೈರ್ ಹಾಕಿಸಿದ್ದರೆ ಉಲ್ಟಾ ಆಗಬಹುದು, ಅದನ್ನು ನೆನಪಿಡಿ. ಆದರೆ ಜೋರಾಗಿ ಬ್ರೇಕ್ ಹಾಕಿದಾಗ, ಸೇತುವೆ ಕೆಳಗೆ, ದಟ್ಟ ಮರಗಳ ಘಾಟಿಯಲ್ಲಿ ಜಿಪಿಎಸ್ ಅಂಕಿ ತಡವಾಗುತ್ತದೆ, ಆಗ ಮೀಟರೇ ಗತಿ.

ಇನ್ನೊಂದು ಲೆಕ್ಕ. 100ರಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಮಿತಿ ಇಳಿಯುವ ಜಾಗ ಬಂದ ಮೇಲೆ ಕೂಗುವ ಸಾಧನ ಇದ್ದರೆ, ನೀವು ಕೇಳಿ, ಅರ್ಥ ಮಾಡಿಕೊಂಡು, ಕಾಲು ತೆಗೆಯುವಷ್ಟರಲ್ಲಿ ನೂರು ಮೀಟರ್ ಹೋಗಿರುತ್ತದೆ. ಮುಂದೆ ಮಿತಿ ಕಡಿಮೆ ಆಗುತ್ತದೆ ಅಂತ ಮುಂಚೆಯೇ ಹೇಳುವ ಸೌಲಭ್ಯ ಇದೆಯಾ ಅಂತ ಕೇಳಿ. ಎಷ್ಟೋ ಅಂಗಡಿಯವರಿಗೆ ಈ ಪ್ರಶ್ನೆಯೇ ಹೊಸದು.

ಸಕ್ಕರೆನಾಡು 275

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದರೆ ಹೇಗೆ? ಹಳೇ ಸ್ಟೀರಿಯೊ ಜಾಗದಲ್ಲೇ ಒಂಬತ್ತಿಂಚಿನದ್ದು ಕೂರುತ್ತದೆ ಅಂದರು. ಬಜೆಟ್ಟಿಗೂ ಬರುತ್ತದೆ. ಕೀ ತಿರುಗಿಸಿದರೆ ಆನ್, ಕರೆ ಬಂದರೂ ಮ್ಯಾಪ್ ಅಲ್ಲೇ ಇರುತ್ತದೆ, ನಕ್ಷೆ ಬೇಡ ಅಂದರೆ ಬೇರೆ ಆ್ಯಪ್. ಅಪ್ಪನಿಗೆ ಪರದೆಯೂ ದೊಡ್ಡದು.

ನಕ್ಷೆ ಹುಚ್ಚ

ನಿಮ್ಮ ಲೆಕ್ಕಕ್ಕೆ ಅದೇ ಸರಿ. ಕೊಳ್ಳುವ ಮುಂಚೆ ನಿಮ್ಮ ಫೋನಿನಲ್ಲೇ ಎರಡು ಮೂರು ಆ್ಯಪ್ ಹಾಕಿಕೊಂಡು ಮಂಡ್ಯದಿಂದ ಬೆಂಗಳೂರಿಗೆ ಒಂದು ಸಲ ಹೋಗಿ ಬನ್ನಿ. ನೀವು ಓಡಿಸಬೇಡಿ, ಪಕ್ಕದಲ್ಲಿ ಕೂತು ಬೋರ್ಡಿಗೂ ಪರದೆಗೂ ತಾಳೆ ನೋಡಿ. ಬೈಪಾಸ್ ಶುರುವಾಗುವ ಕಡೆ, ಟೋಲ್ ಹತ್ತಿರ, ಸರ್ವಿಸ್ ರಸ್ತೆಗೆ ಇಳಿಯುವ ಕಡೆ, ಈ ಮೂರು ಜಾಗ ಮುಖ್ಯ. ಯಾವುದು ಸರಿ ಹೇಳಿತೋ ಅದನ್ನೇ ಸ್ಟೀರಿಯೊಗೆ ಹಾಕಿ.

ಸ್ಟೀರಿಯೊ ಜೊತೆ ಬರುವ ಜಿಪಿಎಸ್ ಆಂಟೆನಾ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಕಪ್ಪು ಚೌಕ, ಉದ್ದ ವೈರಿನ ತುದಿಯಲ್ಲಿರುತ್ತದೆ. ಫಿಟ್ ಮಾಡುವವರು ಅದನ್ನು ಸ್ಟೀರಿಯೊ ಹಿಂದೆಯೇ ಮಡಚಿ ತುರುಕಿ ಮುಚ್ಚಿಬಿಡುತ್ತಾರೆ. ಸುತ್ತ ಕಬ್ಬಿಣ, ಸಿಗ್ನಲ್ ಎಲ್ಲಿಂದ ಬರಬೇಕು? ಆಮೇಲೆ ಮ್ಯಾಪ್ ಪಕ್ಕದ ರಸ್ತೆಗೆ ಹಾರುತ್ತದೆ ಅಂತ ಗೋಳು. ಡ್ಯಾಶ್‌ಬೋರ್ಡ್ ಮೇಲೆ, ಮುಂದಿನ ಗ್ಲಾಸ್ ಕೆಳಗೆ, ಆಕಾಶ ಕಾಣುವ ಮೂಲೆಯಲ್ಲಿ ಅಂಟಿಸಲು ಹೇಳಿ. ಮುಂದೆ ನಿಂತು ಮಾಡಿಸಿ. ಪ್ಯಾಸೆಂಜರ್ ಏರ್‌ಬ್ಯಾಗ್ ಮುಚ್ಚಳದ ಮೇಲೆ ಮಾತ್ರ ಬೇಡ.

ನಿಮ್ಮ ದಾರಿಯಲ್ಲಿ ಎಲ್ಲಾದರೂ ಮಿತಿ ಖಾಲಿ ಕಂಡರೆ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, ಜನರೇ ಸೇರಿ ಮಾಡುವ ನಕ್ಷೆಯಲ್ಲಿ ನೀವೇ ತುಂಬಬಹುದು. ಓಸ್‌ಮ್ಯಾಂಡ್ ಓದುವುದು ಅದನ್ನೇ. ಸ್ಟ್ರೀಟ್‌ಕಂಪ್ಲೀಟ್ ಅಂತ ಆ್ಯಪ್ ಇದೆ, ನಿಂತ ಜಾಗದಲ್ಲೇ "ಈ ರಸ್ತೆಯ ಮಿತಿ ಎಷ್ಟು" ಅಂತ ಕೇಳುತ್ತದೆ. ಬೋರ್ಡ್ ನೋಡಿ ಉತ್ತರ ಕೊಡಿ, ಬೇರೆ ಮ್ಯಾಪಿನಿಂದ ಕಾಪಿ ಹೊಡೆಯಬೇಡಿ. ಊರಿನ ಹೆಸರುಗಳನ್ನು ಕನ್ನಡದಲ್ಲಿ ಸೇರಿಸುವುದೂ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೇ ಆಗುತ್ತದೆ.

ಸುಮ್ನೆ ಕೇಳ್ದೆ

ಸರಿ ಬಿಡಿ, ಆ ಆಂಟೆನಾ ವಿಷಯ ನನಗೂ ಉಪಯೋಗಕ್ಕೆ ಬಂತು. ನನ್ನ ಸ್ಟೀರಿಯೊ ನನ್ನನ್ನು ಯಾವಾಗಲೂ ಪಕ್ಕದ ಕ್ರಾಸಲ್ಲಿ ನಿಲ್ಲಿಸುತ್ತದೆ. ನಾಳೆ ಬಿಚ್ಚಿಸಿ ನೋಡುತ್ತೇನೆ.

ಹಳದಿ ಬೋರ್ಡ್

ಸಕ್ಕರೆನಾಡು ಸರ್, ಫಿಟಿಂಗ್‌ಗೆ ಹೋದಾಗ ಕಾರಿನ ವೈರ್ ಕತ್ತರಿಸಲು ಬಿಡಬೇಡಿ, ನಿಮ್ಮ ಮಾಡೆಲ್‌ಗೆ ಕೂರುವ ಕಪ್ಲರ್, ಅಂದರೆ ವೈರ್ ಕತ್ತರಿಸದೆ ಜೋಡಿಸುವ ಪ್ಲಗ್, ಸಿಗುತ್ತದೆ, ಅದನ್ನೇ ಕೇಳಿ. ರಿವರ್ಸ್ ಕ್ಯಾಮೆರಾ ಹಾಕಿಸುವ ಆಸೆ ಇದ್ದರೆ ಅದೇ ದಿನ ಹಾಕಿಸಿಬಿಡಿ. ಡ್ಯಾಶ್‌ಬೋರ್ಡ್ ಎರಡೆರಡು ಸಲ ಬಿಚ್ಚಿಸಿದರೆ ಕ್ಲಿಪ್ ಸಡಿಲವಾಗಿ ಎಲ್ಲಿಂದಲೋ ಕಟಕಟ ಶುರುವಾಗುತ್ತದೆ, ಅದನ್ನು ಹುಡುಕುವಷ್ಟರಲ್ಲಿ ಸಾಕುಬೇಕಾಗುತ್ತದೆ.